ಯಾರ ಮೊಳ

ದಿನಕ್ಕೆ ಏಳುನೂರು ರೂಪಾಯಿ, ಮಧ್ಯಾಹ್ನದ ಊಟ ಬೇರೆ.
ಕೆಲಸ: ಬೇಡದ ಸಾಲ ಕೇಳುವುದು.

ಮಾನಸಗಂಗೋತ್ರಿಯ ಎರಡನೇ ಮಹಡಿಯಲ್ಲಿ
ಮೇಡಂ ನಮ್ಮಿಬ್ಬರನ್ನೂ ಕೂರಿಸಿಕೊಂಡು
ಬೋರ್ಡಿನ ಮೇಲೆ ಎರಡು ಗೆರೆ ಎಳೆದರು.
ಮೇಲಿನದು ಕೊಳ್ಳುವವನು ಕೊಡುವ ಬೆಲೆ,
ಕೆಳಗಿನದು ಮಾರುವವನ ಕೈಗೆ ಬರುವುದು.
"ನಡುವೆ ಇದೆಯಲ್ಲ ಖಾಲಿ ಜಾಗ,
ಅಲ್ಲಿ ಬದುಕುವವರು ಬಹಳ ಮಂದಿ.
ದಲ್ಲಾಳಿ, ತೂಕದವನು, ಗೇಟಿನವನು.
ಅವರ ಲೆಕ್ಕ ಹೇಗೋ ಸಿಗುತ್ತೆ.
ನನಗೆ ಬೇಕಿರುವುದು ರಸೀದಿ ಇಲ್ಲದ ಖರ್ಚು."

ನಾನು ವಸುಧಾ, ಸರಸ್ವತೀಪುರಂ, ಒಂಬತ್ತನೇ ಮೇನ್.
ಅವಳು ಪುಟ್ಟಮಣಿ, ಅಶೋಕಪುರಂ.
ಇಬ್ಬರಿಗೂ ಒಂದೇ ಫೈಲು:
ಶಾಲೆ ಯೂನಿಫಾರ್ಮ್ ಹೊಲಿಯುವ ಅಂಗಡಿ, ಮೂರು ವರ್ಷದ್ದು,
ಒಂದು ಚೀಟಿ, ಬಾಕಿ ಇಲ್ಲ,
ಓವರ್‌ಲಾಕ್ ಮೆಷಿನ್ನಿಗೆಂದು ಎರಡು ಲಕ್ಷ ನಲವತ್ತು ಸಾವಿರ.
ಅಂಕಿಗಳು ಅವಳಿ ಮಕ್ಕಳು.
ಹೆಸರು, ವಿಳಾಸ ಮಾತ್ರ ಬೇರೆ ಬೇರೆ ಅಂಗಿ.

ಸೋಮವಾರ ನಾನು ಹೋದೆ.
ಒಳಗೆ ಕಾಲಿಡುವಷ್ಟರಲ್ಲಿ ಕುರ್ಚಿ ಸರಿಯಿತು, ನೀರು ಬಂತು.
"ಒಂಬತ್ತನೇ ಮೇನಾ? ನಮ್ಮ ಭಾವನೂ ಅಲ್ಲೇ" ಎಂದರು ಮ್ಯಾನೇಜರು.
ಬಾಬಿನ್ ಅಂದರೇನು ಎಂದು ಕೇಳಿಬಿಟ್ಟರೆ
ಸಿಕ್ಕಿಬೀಳುತ್ತೇನೆಂದು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದೆ.
ಕೇಳಲಿಲ್ಲ.
ಹನ್ನೊಂದು ನಿಮಿಷ. ಬಡ್ಡಿ ಹತ್ತೂ ಮುಕ್ಕಾಲು.

ಬುಧವಾರ ಪುಟ್ಟಮಣಿ.
ಒಂದೂಕಾಲು ಗಂಟೆ ಕಾದ ಮೇಲೆ "ಸರ್ವರ್ ಡೌನು, ನಾಳೆ ಬನ್ನಿ."
ನಾಳೆಯೂ ಹೋದಳು.
"ಅಶೋಕಪುರಂ ಅಂದ್ರೆ... ಮನೆದೇವ್ರು ಯಾವುದಮ್ಮ?"
ನಿಂತೇ ಹೇಳಿದಳಂತೆ.
ಜಾಮೀನಿಗೆ ಇಬ್ಬರು, ಸರ್ಕಾರಿ ನೌಕರರೇ ಆಗಬೇಕು.
ಬಡ್ಡಿ ಹದಿಮೂರೂವರೆ,
ಅದೂ ಮೇಲಿನವರು ಒಪ್ಪಿದರೆ.

ಯಾರಾದರೂ ಬೈದರೆ? ಎಂದಿತ್ತು ನಮೂನೆಯಲ್ಲಿ.
ಇಲ್ಲ ಎಂದು ಬರೆದಳು.
ಮನೆದೇವರಿಗೆ ಕಾಲಂ ಇರಲಿಲ್ಲ.
"ಇತರೆ" ಎಂಬಲ್ಲಿ ಪೆನ್ನು ಊರಿ ಸುಮಾರು ಹೊತ್ತು ಕೂತು
ಒಂದು ಚುಕ್ಕೆ ಇಟ್ಟಳು.

ಕಂಪ್ಯೂಟರಿನಲ್ಲಿ ನಾನು ಒಂದು, ಅವಳು ಸೊನ್ನೆ.
"ಬೇಜಾರು ಮಾಡ್ಕೋಬೇಡಿ, ಅದು ಬರೀ ಗುರುತು" ಎಂದರು ಮೇಡಂ.
ಪುಟ್ಟಮಣಿ ನಕ್ಕಳು:
"ಸೊನ್ನೆ ಆದ್ರೆ ಪರವಾಗಿಲ್ಲ ಮೇಡಂ,
ಯಾವ ಕಡೆ ಕೂರಿಸ್ತೀರಿ ಹೇಳಿ."

ಸಂಜೆ ಇಬ್ಬರೂ ದೇವರಾಜ ಮಾರುಕಟ್ಟೆಗೆ.
ಮಲ್ಲಿಗೆ ಮೊಳಕ್ಕೆ ನಲವತ್ತು, ಸಾಲಿನುದ್ದಕ್ಕೂ ಅದೇ ದರ.
ಹೂವಿನವಳು ಮೊಣಕೈಯಿಂದ ಬೆರಳತುದಿಗೆ ದಂಡೆ ಎಳೆಯುವಾಗ
ಬೆರಳನ್ನು ಒಂಚೂರು ಮಡಚಿದಳು.
ಪುಟ್ಟಮಣಿ ತನ್ನ ಕೈಯನ್ನೇ ಚಾಚಿದಳು:
"ಇದ್ರಲ್ಲಿ ಅಳೀರಿ ಅಕ್ಕ."
"ನಿನ್ನ ಕೈ ಉದ್ದ ಕಣವ್ವ, ನಂಗೆ ಗಿಟ್ಟಲ್ಲ."

ಹೂ ಮುಡಿಯುತ್ತ ಅಂದಳು, ಏನೋ ನೆನಪಾದ ಹಾಗೆ:
"ಆ ಫೈಲು ಇದೆಯಲ್ಲ, ಮೇಡಂ ಮಾಡಿದ್ದಲ್ಲ.
ನಂದೇ. ಹೋದ ವರ್ಷ
ಇನ್ನೊಂದು ಬ್ರಾಂಚಿಗೆ ಕೊಟ್ಟು ವಾಪಸ್ ಬಂದಿದ್ದು.
ಕೇಳಿದ್ರು, ಕೊಟ್ಟೆ.
ಅಂಗಡಿ ಇದೆ. ಓವರ್‌ಲಾಕ್ ಇಲ್ಲ."

ಶುಕ್ರವಾರ ನನ್ನ ಮೊಬೈಲಿಗೆ ಸಂದೇಶ:
ವಸುಧಾ ಅವರೇ, ಅಭಿನಂದನೆಗಳು,
ತಾತ್ವಿಕ ಒಪ್ಪಿಗೆ ದೊರೆತಿದೆ.
ಅವಳ ಮೂರು ವರ್ಷದ ಹೊಲಿಗೆ, ತಪ್ಪದೆ ಕಟ್ಟಿದ ಚೀಟಿ,
ಜೂನ್ ತಿಂಗಳ ರಾತ್ರಿಗಳು, ಸೂಜಿ ಚುಚ್ಚಿದ ಹೆಬ್ಬೆರಳು
ನನ್ನ ಹೆಸರು ತೊಟ್ಟುಕೊಂಡು ಹೋಗಿ
ಪಾಸಾಗಿ ಬಂದಿದ್ದವು.

ನಿಯಮದ ಪ್ರಕಾರ, ಸಿಕ್ಕ ಸಾಲವನ್ನು
ಬೇಡವೆಂದು ಬರೆದುಕೊಡತಕ್ಕದ್ದು.
ಮತ್ತೆ ಅದೇ ಕುರ್ಚಿ, ಅದೇ ನೀರು.
"ಯಾಕಮ್ಮ, ಬಡ್ಡಿ ಜಾಸ್ತಿ ಆಯ್ತಾ?
ಕಾಲು ಪರ್ಸೆಂಟು ಇಳಿಸೋಣ, ಬೇಕಾದ್ರೆ."
ನಾನು ಪೆನ್ನು ತಂದಿರಲಿಲ್ಲ. ತಮ್ಮದನ್ನೇ ಕೊಟ್ಟರು.
ಸಹಿ ಮಾಡಿ ಹಿಂದಕ್ಕೆ ಚಾಚಿದಾಗ
"ಇರಲಿ, ಇಟ್ಕೊಳಿ" ಎಂದರು.